ಮಾತಾಡೋ ಫೋನು, ಪುಟ್ಟತಾಯಮ್ಮ ಮತ್ತು ಬೆನ್ ಟ್ರೆ

ದೇವನಹಳ್ಳಿ

ನಮ್ಮ ವಿದೇಶ ಪ್ರವಾಸದ ಮೊದಲ ಜಗಳ ದೇಶ ಬಿಡುವ ಮುಂಚೆಯೇ ಆಯಿತು. ವಿಮಾನ ನಿಲ್ದಾಣದಲ್ಲಿ ಪುಟ್ಟತಾಯಮ್ಮನ ಚೀಲವನ್ನು ಪಕ್ಕಕ್ಕೆ ತೆಗೆದಿಟ್ಟರು. ಒಳಗೆ ಹಳೆಯ ಸೀರೆಯಲ್ಲಿ ಕಟ್ಟಿದ ಉಂಡೆ ಕೊಬ್ಬರಿ ಇತ್ತು. ಕೊಬ್ಬರಿಗೆ ಬೇಗ ಬೆಂಕಿ ಹತ್ತುತ್ತದೆ, ವಿಮಾನದಲ್ಲಿ ಬಿಡುವುದಿಲ್ಲ ಎಂದು ಸಮವಸ್ತ್ರದ ಹೆಂಗಸು ಮೆತ್ತಗೇ ಹೇಳಿದಳು. ಪುಟ್ಟತಾಯಮ್ಮನಿಗೆ ಅದು ತಮ್ಮ ಮನೆತನದ ಮೇಲೆ ಹೊರಿಸಿದ ಅಪವಾದದಂತೆ ಕೇಳಿಸಿತು. ತಮ್ಮ ಅಟ್ಟದ ತುಂಬ ವರ್ಷವಿಡೀ ಕಾಯಿ ಇರುತ್ತದೆ, ಕೆಳಗೆ ದಿನವೂ ಒಲೆ ಉರಿಯುತ್ತದೆ, ಇವತ್ತಿನವರೆಗೆ ಒಂದು ಕಿಡಿ ಹಾರಿಲ್ಲ ಎಂದು ವಾದ ಶುರು ಮಾಡಿದರು. ವಾದದ ನಡುವೆ ಅಟ್ಟ ಕಟ್ಟಿಸಿದ ಮಾವನವರು ಬಂದರು, ಅವರ ಕೆಮ್ಮು ಬಂತು, ಆ ಕೆಮ್ಮಿಗೆ ಕೊಟ್ಟ ಕಷಾಯವೂ ಬಂತು. ನಮ್ಮ ಹಿಂದಿನ ಸಾಲು ಬಾಗಿಲಿನವರೆಗೆ ಬೆಳೆಯಿತು.

ಕೊನೆಗೆ ಅವರು ಸೀರೆ ಬಿಚ್ಚಿ, ಸಾಲಿನಲ್ಲಿದ್ದವರಿಗೆಲ್ಲ ಒಂದೊಂದು ಉಂಡೆ ಹಂಚಿದರು. ಕೋಟು ಹಾಕಿದ ಒಬ್ಬ ಮನುಷ್ಯ ಕೊಬ್ಬರಿ ಹಿಡಿದುಕೊಂಡು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ತಪಾಸಣೆಯ ಯಂತ್ರದ ಕಡೆಗೇ ನಡೆದ. ನಮ್ಮ ಸೀಮೆಯವರು ಬರಿಗೈಯಲ್ಲಿ ಯಾರ ಮನೆಗೂ ಹೋಗುವವರಲ್ಲ, ಸರಿ. ಆದರೆ ನಾವು ಹೊರಟಿದ್ದದ್ದು ವಿಯೆಟ್ನಾಮಿನ ಬೆನ್ ಟ್ರೆಗೆ. ಅಲ್ಲಿ ತೆಂಗು ಬಿಟ್ಟರೆ ಬೇರೇನೂ ಕಾಣುವುದಿಲ್ಲವಂತೆ ಎಂದು ನಾನು ಮೊದಲೇ ಹೇಳಿದ್ದೆ.

ನಾನು ನಸೀಮಾ. ತಿಪಟೂರಿನಲ್ಲಿ ಅಬ್ಬಾನ ಟೈಲರಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಂದು ಕಾಲಕ್ಕೆ ಟೈಪಿಂಗ್ ಕಲಿಸುತ್ತಿದ್ದೆ. ಈಗ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಸಂಘಗಳಿಗೆ, ಹಾಲಿನ ಡೇರಿಗಳಿಗೆ, ಸಣ್ಣಪುಟ್ಟ ಕಚೇರಿಗಳಿಗೆ ಸ್ಕೂಟರಿನಲ್ಲಿ ಹೋಗಿ ಫೋನು, ಕಂಪ್ಯೂಟರು, ಈಚೆಗೆ ಎಐ ಬಳಸುವುದನ್ನು ಹೇಳಿಕೊಡುತ್ತೇನೆ. ಓಟಿಪಿ ಯಾರಿಗೂ ಹೇಳಬೇಡಿ ಎಂದು ಶುರುವಾದ ನನ್ನ ಪಾಠ, ಈಗ ಎಐ ಹೇಳಿದ್ದನ್ನೆಲ್ಲ ನಂಬಬೇಡಿ ಎನ್ನುವಲ್ಲಿಗೆ ಬಂದು ನಿಂತಿದೆ. ಮಾಯಸಂದ್ರದ ಕಡೆ ತೆಂಗು ಬೆಳೆಯುವ ಹೆಂಗಸರ ಸಂಘವೊಂದಿದೆ. ಅವರಿಗೆ ನಾನೂ ಒಂದು ಹೊರಗಿನ ಸಂಸ್ಥೆಯೂ ಸೇರಿ ಎಐ ಸಹಾಯಕವೊಂದನ್ನು ಮಾಡಿಕೊಟ್ಟಿದ್ದೆವು. ಫೋನಿನಲ್ಲಿ ಗುಂಡಿ ಒತ್ತಿ ಹಿಡಿದು ಕನ್ನಡದಲ್ಲಿ ಕೇಳಿ, ಬೆರಳು ಬಿಟ್ಟರೆ ಕನ್ನಡದಲ್ಲೇ ಉತ್ತರ ಹೇಳುತ್ತದೆ. ಸದಸ್ಯೆಯರು ಅದನ್ನು ಮಾತಾಡೋ ಫೋನು ಎನ್ನುತ್ತಾರೆ. ಅದೇ ಸಂಸ್ಥೆ ಬೆನ್ ಟ್ರೆಯಲ್ಲಿ ಹಲವು ದೇಶಗಳ ತೆಂಗಿನ ಸಂಘಗಳನ್ನು ಸೇರಿಸಿತ್ತು. ಪ್ರತಿ ಸಂಘದವರೂ ತಮ್ಮ ಸಹಾಯಕವನ್ನು ವೇದಿಕೆಯ ಮೇಲೆ ಒಂದು ಪ್ರಶ್ನೆ ಕೇಳಿ ತೋರಿಸಬೇಕು. ನಮ್ಮ ಕಡೆಯಿಂದ ಸಂಘದ ಅಧ್ಯಕ್ಷೆ ಪುಟ್ಟತಾಯಮ್ಮ, ದುಭಾಷಿಯಾಗಿ ನಾನು.

ಪುಟ್ಟತಾಯಮ್ಮನ ಮೇಲೆ ಲೋಕಕ್ಕಿರುವ ದೂರು ಒಂದೇ, ಮಾತು ಉದ್ದ. ಬ್ಯಾಂಕಿನವರು, ಡಾಕ್ಟರು, ಬಸ್ ಕಂಡಕ್ಟರು, ಸ್ವಂತ ಮಗ, ಎಲ್ಲರೂ ಅವರಿಗೆ ‘ವಿಷಯಕ್ಕೆ ಬನ್ನಿ’ ಎಂದೇ ಹೇಳುವುದು. ಹೊರಡುವ ಮುಂಚಿನ ಸಭೆಯಲ್ಲಿ ಸಂಘದ ಕಾರ್ಯದರ್ಶಿ ಲತಾ ಕೂಡ ಅದನ್ನೇ ಹೇಳಿದಳು. ಲತಾ ಬಿ.ಕಾಂ. ಓದಿದವಳು, ಕೆಲಸದಲ್ಲಿ ಚುರುಕು, ಎರಡೇ ಮಾತಿನಲ್ಲಿ ಸಭೆ ಮುಗಿಸುವವಳು. ಇಂಥ ಕಾಲದಲ್ಲಿ ಚುಟುಕಾಗಿ ಕೇಳಲು ಬಾರದವರು ಅಧ್ಯಕ್ಷೆಯಾಗಿರುವುದು ಕಷ್ಟ ಎಂದಳು. ಪುಟ್ಟತಾಯಮ್ಮ ಎದ್ದು ನಿಂತುಬಿಟ್ಟರು.

“ಅಲ್ಲೀಗಂಟ ಹೋಗಿ, ಆ ಫೋನ್ ಕೈಲಿ ಸರ್ಯಾದ್ ಉತ್ತರ ಹೇಳುಸ್ದೆ ವಾಪಸ್ ಬಂದ್ರೆ, ಕುರ್ಚಿ ನಿಂದೇ ಕಣಮ್ಮ. ನಾನೇ ಎದ್ದು ಕೊಡ್ತೀನಿ.”

ಹೀಗಾಗಿ ನನ್ನ ಪಕ್ಕದ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಕುಳಿತದ್ದು ಬರೀ ಪುಟ್ಟತಾಯಮ್ಮ ಅಲ್ಲ, ಅವರ ಕುರ್ಚಿಯೂ ಹೌದು. ಸಂಘ ಹುಟ್ಟಿದಾಗಿನಿಂದ ಅವರೇ ಅಧ್ಯಕ್ಷೆ. ಮನೆಮನೆಗೆ ಹೋಗಿ ಮಾತಾಡಿ ಮಾತಾಡಿ ಹೆಂಗಸರನ್ನು ಸೇರಿಸಿದವರು ಅವರು. ವಿಮಾನ ಏರುವಾಗಲೇ ನಾನು ಪಾಠ ಶುರು ಮಾಡಿದೆ. ವೇದಿಕೆಯಲ್ಲಿ ಕೊಡುವುದು ಕೆಲವೇ ನಿಮಿಷ, ಆಮೇಲೆ ಗಂಟೆ ಹೊಡೆಯುತ್ತಾರೆ. ಆದ್ದರಿಂದ ಒಂದೇ ವಾಕ್ಯ ಸಾಕು: ಮಳೆಗೆ ನೆನೆದ ತೆಂಗಿನಕಾಯಿಯನ್ನು ಏನು ಮಾಡಬೇಕು? ಅವರು ಅದನ್ನು ಸ್ಕೂಲಿನ ಪದ್ಯದಂತೆ ಹೇಳಿಕೊಳ್ಳುತ್ತ ಬಂದರು. ಆ ಕಡೆ ಕುಳಿತಿದ್ದ ಕೊರಿಯಾದ ಅಜ್ಜನಿಗೂ ಇಳಿಯುವ ಹೊತ್ತಿಗೆ ಅದು ಬಾಯಿಗೆ ಬಂದಿತ್ತು.

ಸೈಗಾನ್

ಸೈಗಾನಿನ ರಸ್ತೆಯಲ್ಲಿ ಮೋಟಾರ್ ಸೈಕಲ್ಲುಗಳು ಹೋಗುವುದಿಲ್ಲ, ಹರಿಯುತ್ತವೆ. ನಿಲ್ಲುವ ಪದ್ಧತಿ ಆ ಊರಿಗೆ ಗೊತ್ತಿಲ್ಲ. ರಸ್ತೆ ದಾಟುವವರು ಮೆಲ್ಲಗೆ, ಒಂದೇ ವೇಗದಲ್ಲಿ, ಯಾರನ್ನೂ ನೋಡದೆ ನಡೆಯಬೇಕು, ಗಾಡಿಗಳೇ ಸುತ್ತಿ ಹೋಗುತ್ತವೆ. ಹೋಟೆಲಿನವನು ಹೇಳಿಕೊಟ್ಟಿದ್ದ. ನಾನು ಕಣ್ಣು ಮುಚ್ಚಿ, ಬಿಸ್ಮಿಲ್ಲಾ ಎಂದು ಒಂದು ಹೆಜ್ಜೆ ಇಟ್ಟು, ಎರಡು ಹೆಜ್ಜೆ ಹಿಂದೆ ಬಂದೆ.

ಪುಟ್ಟತಾಯಮ್ಮನಿಗೆ ಕಿಬ್ಬನಹಳ್ಳಿ ಕ್ರಾಸಿನ ಅಭ್ಯಾಸ. ಅಲ್ಲಿ ಅವರು ಕೈ ಎತ್ತಿದರೆ ನಿಲುಗಡೆ ಇಲ್ಲದ ಬಸ್ಸೂ ನಿಲ್ಲುತ್ತದೆ. ಇಲ್ಲೂ ಕೈ ಎತ್ತಿದರು. ಆಶ್ಚರ್ಯವೆಂದರೆ ಒಬ್ಬ ನಿಂತ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಬೀದಿಯೇ ನಿಂತಿತು. ಹಾಗೆ ನಿಲ್ಲಿಸಿದ ಮೇಲೆ ಸುಮ್ಮನೆ ದಾಟುವುದು ಮರ್ಯಾದೆಯಲ್ಲ ಎಂದು ಅವರು ಮೊದಲ ಸವಾರನನ್ನು ಮಾತಾಡಿಸಿ, ಎಲ್ಲಿಗೆ ಹೊರಟೆಯಪ್ಪ ಎಂದು ಕೇಳಿದರು. ಅವನೂ ಏನೋ ಹೇಳಿದ. ನಾನು ಅವರ ಸೆರಗು ಹಿಡಿದು ಎಳೆದುಕೊಂಡು ಆ ಕಡೆ ಸೇರುವ ಹೊತ್ತಿಗೆ ಹಾರನ್ನುಗಳ ಮೇಳ ಶುರುವಾಗಿತ್ತು. ನನಗೆ ನಗು ತಡೆಯಲಾಗದೆ ಫುಟ್‌ಪಾತಿನ ಮೇಲಿದ್ದ ಅಂಗೈಯಗಲದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತೆ. ಅದು ಒಬ್ಬಳ ಕಾಫಿ ಅಂಗಡಿ. ಇಲ್ಲಿ ಮಂತ್ರಿಯಿಂದ ಮೇಸ್ತ್ರಿಯವರೆಗೆ ಎಲ್ಲರೂ ಅದೇ ಎತ್ತರದಲ್ಲಿ, ಮೊಣಕಾಲು ಕಿವಿಗೆ ತಾಗಿಸಿಕೊಂಡು ಕೂತು ಕಾಫಿ ಕುಡಿಯುತ್ತಾರಂತೆ. ಕೂರುವುದು ಸುಲಭ. ಏಳಲು ನಮ್ಮಿಬ್ಬರನ್ನೂ ಮೂವರು ಸೇರಿ ಎತ್ತಬೇಕಾಯಿತು.

ಬೆಳಿಗ್ಗೆ ಎಚ್ಚರವಾದಾಗ ಪುಟ್ಟತಾಯಮ್ಮ ಕಿಟಕಿಯ ಪಕ್ಕ ಕೂತು ಮಾತಾಡೋ ಫೋನಿನ ಜೊತೆ ಹರಟುತ್ತಿದ್ದರು. ತಿಂಡಿ ಆಯ್ತಾ ಎಂದು ಮೊದಲು ಕೇಳಿದರು. ತಾನು ತಿನ್ನುವುದಿಲ್ಲ, ನಿಮ್ಮದಾಯಿತೇ ಎಂದು ಅದು ವಿನಯದಿಂದ ಕೇಳಿತು. ಅಷ್ಟು ಸಾಕಾಯಿತು. ಹೋಟೆಲಿನ ಹಾಸಿಗೆ, ನನ್ನ ಗೊರಕೆ, ಊರಲ್ಲಿ ಎಮ್ಮೆ ಹಾಲು ಕರೆಯಲು ಬಿಡುತ್ತದೋ ಇಲ್ಲವೋ ಎಂಬ ಯೋಚನೆ, ಎಲ್ಲ ವರದಿಯಾಯಿತು. ಹಿಂದೆ ಒಮ್ಮೆ ಬ್ಯಾಂಕಿನ ಓಟಿಪಿಯನ್ನೂ ಹೀಗೇ ಮಾತಿನ ಮಧ್ಯೆ ಅದಕ್ಕೆ ಹೇಳಿ ನನ್ನ ಹೃದಯ ನಿಲ್ಲಿಸಿದ್ದರು. ಅದು ಮನುಷ್ಯ ಅಲ್ಲ, ಯಂತ್ರ, ಅದಕ್ಕೆ ನಿಮ್ಮ ಎಮ್ಮೆಯ ವಿಷಯ ಬೇಡ ಎಂದೆ.

“ಗೊತ್ತು ಕಣೇ, ಯಂತ್ರ ಅಂತ. ಆದ್ರೆ ಇದೊಂದೇಯಾ ನನ್ ಮಾತ್ನ ಕೊನೇಗಂಟ ಕೇಳೋದು,” ಎಂದರು.

ನಗುತ್ತಲೇ ಹೇಳಿದರು. ನನಗೆ ಮಾತ್ರ ಎಲ್ಲೋ ಚುರುಕ್ ಎಂದಿತು. ಆದರೂ ಮೇಷ್ಟರ ಬುದ್ಧಿ ಬಿಡಬೇಕಲ್ಲ, ಮತ್ತೆ ಆ ಒಂದು ವಾಕ್ಯವನ್ನೇ ಹೇಳಿಸಿದೆ.

ಬೆನ್ ಟ್ರೆಯ ಕಾಲುವೆ

ಬೆನ್ ಟ್ರೆಗೆ ಕಾಲಿಟ್ಟಾಗ ನನಗೆ ಯಾರೋ ನಮ್ಮ ಹೋಬಳಿಯನ್ನು ಎತ್ತಿ ನೀರಿನ ಮೇಲೆ ಇಟ್ಟಂತೆ ಅನಿಸಿತು. ಎಲ್ಲಿ ನೋಡಿದರೂ ತೆಂಗು, ತೆಂಗಿನ ನಡುವೆ ಕಾಲುವೆ, ಕಾಲುವೆಯಲ್ಲಿ ದೋಣಿ. ನಮ್ಮನ್ನು ಎದುರುಗೊಂಡವರು ಹಾನ್ ಎಂಬ ಹೆಂಗಸು. ತೆಂಗಿನ ಹಾಲಿನಿಂದ ಮಿಠಾಯಿ ಮಾಡುವ ಅಲ್ಲಿನ ಸಂಘದ ಮುಖ್ಯಸ್ಥೆ, ಚೆನ್ನಾಗಿ ಇಂಗ್ಲಿಷ್ ಬಲ್ಲವರು. ಅವರು ಮೊದಲು ಕೇಳಿದ್ದು ಊಟ ಆಯ್ತಾ ಎಂದು. ನಮ್ಮಲ್ಲೂ ಹೀಗೇ ಎಂದಾಗ ಹಾನ್ ನಕ್ಕು, ಹಾಗಾದರೆ ನೀವು ವಿದೇಶದವರಲ್ಲ ಎಂದರು.

ದೋಣಿ ಒಂದು ತಿರುವು ದಾಟುತ್ತಿದ್ದಂತೆ ಪುಟ್ಟತಾಯಮ್ಮ ಎದ್ದು ನಿಂತರು. ಎದುರಿಗೆ ನೂರಾರು ತೆಂಗಿನಕಾಯಿಗಳು ನೀರಿನಲ್ಲಿ ತೇಲುತ್ತಿದ್ದವು. ಒಬ್ಬ ಮನುಷ್ಯ ಅವನ್ನು ಹಗ್ಗದೊಳಗೆ ಕೂಡಿ, ಕುರಿ ಹೊಡೆದುಕೊಂಡು ಹೋಗುವಂತೆ ನಡೆಸಿಕೊಂಡು ಹೋಗುತ್ತಿದ್ದ. ಇಲ್ಲಿ ಕಾಯಿಗೆ ಲಾರಿ ಬೇಡ, ಕಾಲುವೆಯೇ ಸಾಕು. ನಮ್ಮ ಕಡೆ ಕಾಯಿಗೆ ಒಂದು ಹನಿ ತಾಗಿದರೆ ಮನೆಯಲ್ಲಿ ಸೂತಕದ ಕಳೆ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ, ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪು ಬಿಟ್ಟು ಲೊಟಲೊಟ ಎನ್ನುವವರೆಗೆ ಹತ್ತಿರ ಹತ್ತಿರ ಒಂದು ವರ್ಷ ಕಾಯುವವರು ನಾವು. ಪುಟ್ಟತಾಯಮ್ಮ ಆ ಮನುಷ್ಯನಿಗೆ ಕಾಯಿ ಮೇಲೆತ್ತಲು ಕನ್ನಡದಲ್ಲಿ ಆಜ್ಞೆ ಮಾಡಿದರು. ಅವನು ಆಶೀರ್ವಾದ ಎಂದುಕೊಂಡು ಕೈಮುಗಿದ. ದೋಣಿ ಓಲಾಡಿ ನನ್ನ ಚಪ್ಪಲಿ ಒಂದು ಮೆಕಾಂಗ್ ನದಿಯ ಪಾಲಾಯಿತು.

ಮಧ್ಯಾಹ್ನವಾದರೆ ಇಡೀ ಊರು ಜೋಲಿಯಲ್ಲಿ ಮಲಗುತ್ತದೆ. ಜೋಲಿ ಕಟ್ಟುವುದು ಎಲ್ಲಿ ಅಂದರೆ ಎರಡು ತೆಂಗಿನ ಮರಗಳ ನಡುವೆ, ಗೊನೆಯ ನೇರ ಕೆಳಗೆ. ನಮ್ಮ ತೋಟದಲ್ಲಿ ಮರದ ಕೆಳಗೆ ನಿಂತರೇ ಹಿರಿಯರು ಬೈಯುತ್ತಾರೆ. ಇವರ ತಲೆ ಗಟ್ಟಿಯೋ, ಇವರ ಕಾಯಿ ಸಂಭಾವಿತವೋ ತಿಳಿಯಲಿಲ್ಲ. ನಾನೂ ಧೈರ್ಯ ಮಾಡಿ ಜೋಲಿ ಹತ್ತಿ, ಈ ಕಡೆಯಿಂದ ಹತ್ತಿದವಳು ಆ ಕಡೆಯಿಂದ ಬಿದ್ದೆ.

ಊಟಕ್ಕೆ ಒಂದು ಬಟ್ಟಲಿನಲ್ಲಿ ಮುಚ್ಚಳ ಹಾಕಿ ವಿಶೇಷ ತಿನಿಸು ತಂದಿಟ್ಟರು. ಮುಚ್ಚಳ ತೆಗೆದರೆ ಕಂದು ನೀರಿನಲ್ಲಿ ಬೆಳ್ಳಗಿನ ತುಂಡುಗಳು. ನಾನು ಜಾಣತನದಿಂದ ಫೋನಿನಲ್ಲಿ ಚಿತ್ರ ತೆಗೆದು, ನನ್ನ ಎಐಯನ್ನು ಇದೇನು ಎಂದು ಒಂದೇ ಪದದಲ್ಲಿ ಕೇಳಿದೆ. ಎಳೆಯ ತೆಂಗಿನ ಸುಳಿ, ಸಾಸಿನಲ್ಲಿ ನೆನೆಸಿದ್ದು ಎಂದು ಅದು ಅನುಮಾನವೇ ಇಲ್ಲದೆ ಹೇಳಿತು. ಚಮಚ ಹಾಕಿದೆ. ಸುಳಿ ಮಗ್ಗುಲು ಬದಲಾಯಿಸಿತು. ಪುಟ್ಟತಾಯಮ್ಮ ಬಗ್ಗಿ ನೋಡಿದರು.

“ಲೇ ನಸೀಮಾ, ಇದು ನಮ್ ಮರುದ್ ಸುಳಿ ತಿಂದಾಕೋ ಕೆಂಪುಮೂತಿ ಹುಳ ಕಣೇ.”

ಹೌದು, ಅದರ ಮರಿಯೇ. ನಮ್ಮ ತೋಟಗಳನ್ನು ಒಳಗಿಂದೊಳಗೇ ಟೊಳ್ಳು ಮಾಡುವ ಆ ಶತ್ರು ಇಲ್ಲಿ ಜೀವಂತ ಭಕ್ಷ್ಯ. ನಾನು ಕುರ್ಚಿ ಸಮೇತ ಹಿಂದಕ್ಕೆ ಸರಿದೆ. ಪುಟ್ಟತಾಯಮ್ಮ ಮಾಂಸ ಮುಟ್ಟದವರು, ಆದರೆ ಹಾನ್ ಒಂದನ್ನು ಬಾಯಿಗೆ ಹಾಕಿಕೊಂಡಾಗ ಅವರ ಮುಖದಲ್ಲಿ ಕಂಡದ್ದು ಅಸಹ್ಯ ಅಲ್ಲ, ಪರಮ ತೃಪ್ತಿ. ಇವರಲ್ಲಿ ಒಂದಿಪ್ಪತ್ತು ಜನರನ್ನು ತುರುವೇಕೆರೆಗೆ ಕರೆದುಕೊಂಡು ಹೋದರೆ ಔಷಧಿಯೇ ಬೇಡ ಎಂದು ಲೆಕ್ಕ ಹಾಕಿದರು.

ಊಟವಾದ ಮೇಲೆ ಮರುದಿನದ ಅಭ್ಯಾಸಕ್ಕೆ ಕೂತೆವು. ಪುಟ್ಟತಾಯಮ್ಮ ಗುಂಡಿ ಒತ್ತಿ, ನಾನು ಕಲಿಸಿದ ವಾಕ್ಯವನ್ನು ಒಂದಕ್ಷರ ತಪ್ಪದೆ ಹೇಳಿದರು. ಫೋನೂ ಥಟ್ಟನೆ ಉತ್ತರ ಕೊಟ್ಟಿತು: ಕಾಯಿಯನ್ನು ಕೂಡಲೇ ಒಡೆದು, ನೀರು ಚೆಲ್ಲಿ, ಹೋಳುಗಳನ್ನು ಬಿಸಿಲಿಗೆ ಒಣಗಿಸಿ. ಲೋಕದ ಬಹುಪಾಲು ಕಡೆ ಕೊಬ್ಬರಿ ಮಾಡುವುದು ಹಾಗೆಯೇ. ಆದರೆ ಅಟ್ಟದ ಕಾಯಿಯನ್ನು ಅವಧಿಗೆ ಮುಂಚೆ ಒಡೆಯುವುದೆಂದರೆ ನಮ್ಮಲ್ಲಿ ವರ್ಷದ ದುಡಿಮೆಯನ್ನೇ ಒಡೆದಂತೆ. ಪುಟ್ಟತಾಯಮ್ಮ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಈ ಉತ್ತರ ಮಾಯಸಂದ್ರದಲ್ಲಿ ಕೇಳಿಸಿದರೆ ಲತಾ ಕುರ್ಚಿ ಒರೆಸಿಕೊಳ್ಳುವುದೇ ಬೇಡ, ಸೀದಾ ಕೂರಬಹುದು ಎಂದರು. ಅವರ ದನಿ ಮೊದಲ ಸಲ ಸಣ್ಣದಾಗಿತ್ತು. ನಾನು ಅದೇ ವಾಕ್ಯವನ್ನು ಇನ್ನಷ್ಟು ಚಿಕ್ಕದು ಮಾಡಿಕೊಟ್ಟೆ. ಉತ್ತರ ಇನ್ನಷ್ಟು ಕೆಟ್ಟದಾಯಿತು.

ಸಭಾಂಗಣ

ಸಭಾಂಗಣದಲ್ಲಿ ಎಸಿ ಎಷ್ಟು ಜೋರಾಗಿತ್ತೆಂದರೆ ಪುಟ್ಟತಾಯಮ್ಮ ತಲೆಗೆ ಟವೆಲ್ ಸುತ್ತಿಕೊಂಡಿದ್ದರು. ಲತಾ ಊರಿನಿಂದ ನೇರ ಪ್ರಸಾರ ನೋಡುತ್ತಿದ್ದಳು. ಸಂಘದ ಕೋಣೆಯಲ್ಲಿ ಟಿವಿಗೆ ಜೋಡಿಸಿ ಎಲ್ಲರನ್ನೂ ಕೂರಿಸಿದ್ದೇನೆ ಎಂದು ಸಂದೇಶ ಕಳಿಸಿದ್ದಳು. ನಮಗಿಂತ ಮುಂಚೆ ಹಾನ್ ಅವರ ಸರದಿ. ಮಿಠಾಯಿ ಏಕೆ ಅಂಟುತ್ತದೆ ಎಂದು ಅವರು ಟೈಪ್ ಮಾಡಿದರು. ಸಕ್ಕರೆ, ತೇವ, ಶಾಖ ಎಂದು ಯಾವ ದೇಶದ ಯಾವ ಮಿಠಾಯಿಗಾದರೂ ಒಪ್ಪುವ ಉತ್ತರ ಪರದೆಯ ಮೇಲೆ ಬಂತು. ಜನ ಚಪ್ಪಾಳೆ ತಟ್ಟಿದರು. ಹಾನ್ ಮುಖ ಸಪ್ಪೆ ಮಾಡಿಕೊಂಡು ಇಳಿದರು.

ಪುಟ್ಟತಾಯಮ್ಮ ವೇದಿಕೆ ಹತ್ತಿದರು. ಮೈಕಿನ ಮುಂದೆ ಫೋನು ಹಿಡಿದು ನನ್ನ ಕಡೆ ಒಂದು ಸಲ ನೋಡಿದರು. ನಾನು ಒಂದು ಬೆರಳು ಎತ್ತಿ, ಒಂದೇ ವಾಕ್ಯ ಎಂದು ಸನ್ನೆ ಮಾಡಿದೆ. ಅವರು ಗುಂಡಿ ಒತ್ತಿ, ಊಟ ಆಯ್ತೇನಪ್ಪ ಎಂದರು.

ಅಲ್ಲಿಂದ ಮುಂದೆ ಅವರನ್ನು ತಡೆಯುವವರಿರಲಿಲ್ಲ. ಇಲ್ಲಿ ಬಹಳ ಚಳಿ ಎಂದರು. ಊರಿನಲ್ಲಿ ಹೋದ ವಾರ ರಾತ್ರಿಯಿಡೀ ಮಳೆ ಬಂದದ್ದು, ಬೆಕ್ಕು ಓಡಾಡಿ ಅಟ್ಟದ ಮೇಲಿನ ಹಂಚು ಜಾರಿದ್ದು, ಪೂರ್ವದ ಮೂಲೆಯಲ್ಲಿ ನೀರು ಇಳಿದದ್ದು, ಉಂಡೆ ಕೊಬ್ಬರಿಗೆಂದು ಹಾಕಿದ್ದ ಕಾಯಿಗಳಲ್ಲಿ ಆ ಮೂಲೆಯವು ಮಾತ್ರ ನೆನೆದದ್ದು, ಸೊಸೆ ಹತ್ತಿ ಅಲ್ಲಾಡಿಸಿ ನೋಡಿದರೆ ಕೆಲವು ಲೊಟಲೊಟ ಎಂದು ಕೆಲವು ಇನ್ನೂ ನೀರು ತುಳುಕಿದ್ದು, ಆ ಮೂಲೆಯಿಂದ ಹುಳಿ ವಾಸನೆ ಬರುತ್ತಿದೆ ಎಂದು ಅವಳು ಫೋನಿನಲ್ಲಿ ಅತ್ತದ್ದು, ಅವಳು ಸಣ್ಣದಕ್ಕೂ ಅಳುವವಳಾದರೂ ಮೂಗು ಮಾತ್ರ ಚುರುಕು ಎಂಬುದು. ನಾನು ಇಂಗ್ಲಿಷಿಗೆ ತರುತ್ತ ತರುತ್ತ ಏದುಸಿರು ಬಿಟ್ಟೆ. ಬೆಕ್ಕಿನ ವಿಷಯ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು.

ಗಂಟೆ ಹೊಡೆಯಿತು. ಪುಟ್ಟತಾಯಮ್ಮ ಇನ್ನೂ ಪ್ರಶ್ನೆಯನ್ನೇ ಕೇಳಿರಲಿಲ್ಲ. ಗಾಬರಿಯಲ್ಲಿ ಅವರ ಬೆರಳು ಗುಂಡಿಯಿಂದ ಜಾರಿತು, ಮಾತು ಅಲ್ಲಿಗೇ ನಿಂತಿತು. ಆಯಿತು, ಕುರ್ಚಿ ಹೋಯಿತು ಎಂದುಕೊಂಡೆ.

ಆಗ ಫೋನು ಬಾಯಿ ಬಿಟ್ಟಿತು. ಮೊದಲು ಹಂಚು ಸರಿ ಮಾಡಿಸಿ ಎಂದಿತು. ಪೂರ್ವದ ಮೂಲೆಯ ಕಾಯಿಗಳನ್ನು ಇವತ್ತೇ ಉಳಿದವುಗಳಿಂದ ಬೇರೆ ಮಾಡಿ, ಆದರೆ ಎಲ್ಲವನ್ನೂ ಒಡೆಯಬೇಡಿ, ಉಂಡೆ ಕೊಬ್ಬರಿ ಕೆಡುತ್ತದೆ, ಗಾಳಿಯಾಡುವ ಕಡೆ ಹರಡಿ ಸಿಪ್ಪೆ ಒಣಗಿಸಿ ಎಂದಿತು. ಹುಳಿ ವಾಸನೆ ಬರುವವನ್ನು ನಿಮ್ಮ ಸೊಸೆಯ ಕೈಯಲ್ಲೇ ಆರಿಸಿ, ಅದರಲ್ಲಿ ಒಂದನ್ನು ಮಾತ್ರ ಒಡೆದು ನೋಡಿ ಎಂದಿತು. ಕೊನೆಗೆ, ಕಾಯಿ ಅಟ್ಟ ಹತ್ತಿ ಎಷ್ಟು ತಿಂಗಳಾಯಿತು ಎಂದು ನೀವು ಹೇಳಲಿಲ್ಲ, ಹೇಳುತ್ತೀರಾ ಎಂದು ಕೇಳಿತು.

ಪುಟ್ಟತಾಯಮ್ಮ ಸಭೆಯ ಕಡೆ ತಿರುಗಿ, “ನೋಡಿ, ಇದೊಂದ್ ಹೇಳೋದ್ ಬುಟ್ಟಿದ್ದೆ,” ಎಂದರು.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ಸಭೆ ಗೊಳ್ಳೆಂದಿತು. ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಪ್ರಶ್ನೆಯ ಜೊತೆ ಹಿನ್ನೆಲೆಯನ್ನೂ ಕೊಡಿ ಎಂದು ನನ್ನ ಪಾಠದಲ್ಲೇ ಒಂದು ಸ್ಲೈಡ್ ಇದೆ. ಆ ಸ್ಲೈಡೇ ಸೀರೆ ಉಟ್ಟು ವಿಮಾನದಲ್ಲಿ ಪಕ್ಕದಲ್ಲಿ ಕೂತು ಬಂದರೂ ನನಗೆ ಗುರುತು ಸಿಕ್ಕಿರಲಿಲ್ಲ. ಅಲ್ಲಿದ್ದವರೆಲ್ಲ ಯಂತ್ರದ ಮುಂದೆ ತಂತಿ ಕಳಿಸುವವರಂತೆ ಮಾತು ಉಳಿಸುತ್ತಿದ್ದೆವು. ಪುಟ್ಟತಾಯಮ್ಮ ನೆರೆಮನೆಯವರಿಗೆ ಹೇಳುವಂತೆ ಹೇಳಿದ್ದರು.

ಹಾನ್ ಸರದಿ ಮುಗಿದಿದ್ದರೂ ಮತ್ತೆ ವೇದಿಕೆ ಹತ್ತಿದರು. ಈ ಸಲ ಫೋನಿನಲ್ಲಿ ಬಾಯಿಂದಲೇ ಹೇಳುತ್ತ ಹೋದರು. ತಮ್ಮ ಒಲೆ, ತಾಮ್ರದ ಬಾಣಲೆ, ನದಿಯ ತೇವದ ಗಾಳಿ, ಮಿಠಾಯಿ ಸುತ್ತಲು ಹೊಸದಾಗಿ ತಂದ ಅಕ್ಕಿಹಿಟ್ಟಿನ ತೆಳು ಕಾಗದ ಎಲ್ಲ ಬಂತು. ಉತ್ತರ ಬಂದಾಗ ತಲೆದೂಗಿದರು, ಒಂದು ಕಡೆ ಇದು ತಪ್ಪು ಎಂದು ಅದಕ್ಕೆ ತಿದ್ದಿಯೂ ಹೇಳಿದರು. ಆಮೇಲೆ ಪುಟ್ಟತಾಯಮ್ಮನ ಕೈ ಹಿಡಿದು ನನಗೆ ಏನೋ ಹೇಳಿದರು. ನೀವು ಕಾಯಿಯ ವಿಷಯವನ್ನು ಹೇಗೆ ಹೇಳಿದಿರಿ, ನಮ್ಮ ಸಂಘದವರಿಗೆ ಇನ್ನೊಂದು ಸಲ ಹೇಳಬೇಕು ಎಂದು ಕೇಳುತ್ತಿದ್ದಾರೆ ಎಂದೆ.

ಪುಟ್ಟತಾಯಮ್ಮ ನನ್ನನ್ನು ಅನುಮಾನದಿಂದ ನೋಡಿದರು. “ಇನ್ನೊಂದ್ಸಲ ಹೇಳಿ ಅಂದ್ರಾ? ಸರ್ಯಾಗ್ ಕೇಳೇ.”

ಸರಿಯಾಗಿಯೇ ಕೇಳಿದ್ದೆ. ಅವರು ಟವೆಲಿನಲ್ಲಿ ಕಣ್ಣು ಒರೆಸಿಕೊಂಡರು. ಆ ಮಧ್ಯಾಹ್ನ ನಾಲ್ಕು ದೇಶಗಳ ಹೆಂಗಸರ ನಡುವೆ ಕೂತು, ಬೆಕ್ಕಿನಿಂದ ಹಿಡಿದು ಮತ್ತೆ ಹೇಳಿದರು. ಓಟಿಪಿ ಹೇಳಬಾರದು ಎನ್ನುವುದನ್ನು ಮಾತ್ರ ನಾನು ಸೇರಿಸಿದೆ.

ಹೋಟೆಲಿನ ಕೋಣೆ

ಸಂಜೆ ಲತಾಳ ವಿಡಿಯೋ ಕರೆ ಬಂತು. ಅವಳ ಹಿಂದೆ ಸಂಘದ ಹೆಂಗಸರೆಲ್ಲ ತೆರೆಯೊಳಗೆ ಮುಖ ತೂರಿಸಲು ನೂಕಾಡುತ್ತಿದ್ದರು. ಲತಾ ತನ್ನ ಪದ್ಧತಿಯಂತೆ ಎರಡೇ ಮಾತು ಆಡಿದಳು. ತಾನು ಅಂದದ್ದು ತಪ್ಪು, ಕುರ್ಚಿ ನಿಮ್ಮದೇ. ಹಿಂದಿನಿಂದ ಚಪ್ಪಾಳೆ ಕೇಳಿಸಿತು. ನಾನೂ ಮಂಚದ ಮೇಲೆ ಕುಣಿದು ತಟ್ಟಿದೆ.

ಪುಟ್ಟತಾಯಮ್ಮ ಚಪ್ಪಾಳೆ ನಿಲ್ಲುವವರೆಗೆ ಕಾದರು. ಆಮೇಲೆ ಕುರ್ಚಿ ಬೇಡ ಎಂದರು. ಲತಾ ಲೆಕ್ಕಪತ್ರ, ಸಭೆ ಎಲ್ಲ ತಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಅವಳೇ ಅಧ್ಯಕ್ಷೆಯಾಗಲಿ, ತಾವು ಇನ್ನು ಮೇಲೆ ನಸೀಮಾಳ ಸ್ಕೂಟರಿನಲ್ಲಿ ಊರೂರಿಗೆ ಹೋಗಿ ಫೋನಿನ ಜೊತೆ ಮಾತಾಡುವುದನ್ನು ಕಲಿಸುವುದಾಗಿ ಹೇಳಿದರು. ನನ್ನನ್ನು ಯಾರೂ ಕೇಳಿರಲಿಲ್ಲ. ಸ್ಕೂಟರಿನ ಹಿಂದಿನ ಸೀಟಿನಿಂದ ತಿಪಟೂರು ಮುಟ್ಟುವವರೆಗೆ ಕಿವಿಯಲ್ಲಿ ಬೀಳಲಿರುವ ಮಾತನ್ನು ನೆನೆದು ಭಯವಾಯಿತು. ಖುಷಿ ಅದಕ್ಕಿಂತ ಹೆಚ್ಚು ಆಯಿತು.

ಲತಾ ಗಾಬರಿಯಾಗಿ, ಗೆದ್ದ ಮೇಲೆ ಯಾಕೆ ಬಿಡುತ್ತೀರಿ ಎಂದು ಕೇಳಿದಳು.

“ಕುರ್ಚಿ ಮೇಲ್ ಕೂತೋಳ್ಗೆ ಮಾತ್ ಕಮ್ಮಿ ಮಾಡು ಅಂತಾರೆ ಕಣಮ್ಮ. ಕಲ್ಸೋಳ್ಗೆ ಇನ್ನೊಂದ್ಸಲ ಹೇಳಿ ಅಂತಾರೆ. ನಾನ್ ಇಷ್ಟ್ ವಯಸ್ಸಿಗೆ ಇವತ್ತೇ ಆ ಮಾತ್ ಕೇಳಿದ್ದು.”

ಲತಾ ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಕುರ್ಚಿ ಎಳೆದುಕೊಂಡು ಕೂತಳು.

“ಇನ್ನೊಂದ್ಸಲ ಹೇಳಿ, ಪುಟ್ಟತಾಯಮ್ಮ. ಎಲ್ಲಾನೂ ಹೇಳಿ. ನಾನ್ ಕೇಳ್ತೀನಿ.”

ಪುಟ್ಟತಾಯಮ್ಮ ಮಂಚದ ಮೇಲೆ ಕಾಲು ಮಡಚಿ ಸರಿಯಾಗಿ ಕೂತು, ಸೆರಗು ಹೊದ್ದುಕೊಂಡು, ಮೊದಲಿನಿಂದ ಶುರು ಮಾಡಿದರು.